ಗಂಟೆಗೊಂದು ಬಾಂಬರ್: ಕಾರು ಕಾರ್ಖಾನೆಗಳು ಯುದ್ಧಕ್ಕೆ ದುಡಿದ ಬಗೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್, ಲ್ಯಾಂಕಾಸ್ಟರ್ ವಿಮಾನಗಳನ್ನು ಹಾರಿಸಿದ್ದು ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್. ಅದಕ್ಕಿದ್ದ ಬೇಡಿಕೆಯನ್ನು ಆ ಕಂಪನಿಯೊಂದೇ ಪೂರೈಸುವ ಮಾತಿರಲಿಲ್ಲ. ಹಾಗಾಗಿ ಫೋರ್ಡ್ ಕಾರು ಕಂಪನಿಯ ಬ್ರಿಟಿಷ್ ಶಾಖೆಗೂ ಕರೆ ಹೋಯಿತು. ಡ್ರಾಯಿಂಗ್‌ಗಳನ್ನು ನೋಡಿದ ಫೋರ್ಡ್ ಎಂಜಿನಿಯರುಗಳು, ಇವನ್ನಿಟ್ಟುಕೊಂಡು ಎಂಜಿನ್ ಮಾಡಲಾಗದು ಎಂದರು. ನಾವು ಕೇಳುವ ನಿಖರತೆ ಕಾರಿನವರಿಗೆ ಎಟುಕದು ಎಂದುಕೊಂಡರು ರೋಲ್ಸ್ ರಾಯ್ಸ್‌ನ ಎಂಜಿನಿಯರ್ ಸ್ಟ್ಯಾನ್ಲಿ ಹೂಕರ್. ಆದರೆ ಫೋರ್ಡ್‌ನವರ ತಕರಾರು ತದ್ವಿರುದ್ಧವಾಗಿತ್ತು. ಡ್ರಾಯಿಂಗ್‌ನಲ್ಲಿರುವ ಅಳತೆಗಳು ತೀರಾ ಸಡಿಲ, ನಮಗೆ ಇನ್ನೂ ಬಿಗಿಯಾದ ಅಳತೆ ಬೇಕು ಎಂಬುದು ಅವರ ವಾದ. ಹೂಕರ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾರೆ. ಫೋರ್ಡ್‌ನವರು ಡ್ರಾಯಿಂಗ್‌ಗಳನ್ನೆಲ್ಲ ಹೊಸದಾಗಿ ಬರೆದರು. ಮ್ಯಾಂಚೆಸ್ಟರ್ ಬಳಿಯ ಟ್ರಾಫರ್ಡ್ ಪಾರ್ಕ್‌ನಲ್ಲಿದ್ದ ಅವರ ಕಾರ್ಖಾನೆಯಿಂದ 30,000ಕ್ಕೂ ಹೆಚ್ಚು ಮರ್ಲಿನ್ ಎಂಜಿನ್‌ಗಳು ಹೊರಬಂದವು.

ಯಾವ ಭಾಗವನ್ನೂ ಹೇಳಿದ ಅಳತೆಗೆ ಕೂದಲೆಳೆಯೂ ತಪ್ಪದಂತೆ ಮಾಡಲಾಗುವುದಿಲ್ಲ. ಆದ್ದರಿಂದ ಡ್ರಾಯಿಂಗ್‌ನಲ್ಲಿ ಅಳತೆಯ ಜೊತೆಗೆ, ಎಷ್ಟು ಹೆಚ್ಚು ಅಥವಾ ಕಡಿಮೆಯಾದರೆ ನಡೆಯುತ್ತದೆ ಎಂಬ ಮಿತಿಯನ್ನೂ ಕೊಡುತ್ತಾರೆ. ವರ್ಕ್‌ಶಾಪಿನ ಭಾಷೆಯಲ್ಲಿ ಅದು ಟಾಲರೆನ್ಸ್. ಊರಿನ ಬಡಗಿ ಬಾಗಿಲನ್ನು ಚೌಕಟ್ಟಿಗೆ ಕೂರಿಸುವಾಗ ಅಂಚಿಗೆ ಉಜ್ಜುಗೊರಡು ಆಡಿಸಿ, ಮತ್ತೆ ಇಟ್ಟು ನೋಡಿ, ಮತ್ತೆ ಉಜ್ಜುತ್ತಾನೆ. ಬಾಗಿಲು ಚೆನ್ನಾಗಿಯೇ ಕೂರುತ್ತದೆ, ಆದರೆ ಅದು ಆ ಒಂದು ಚೌಕಟ್ಟಿಗೆ ಮಾತ್ರ. ರೋಲ್ಸ್ ರಾಯ್ಸ್‌ನ ನುರಿತ ಫಿಟ್ಟರುಗಳು ಎಂಜಿನ್ ಜೋಡಿಸುತ್ತಿದ್ದುದು ಹೆಚ್ಚುಕಡಿಮೆ ಹೀಗೆ: ಭಾಗಗಳನ್ನು ಆರಿಸಿ, ಬೇಕಾದಲ್ಲಿ ಅರದಿಂದ ಉಜ್ಜಿ, ಒಂದಕ್ಕೊಂದು ಹೊಂದಿಸಿ. ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ಉಜ್ಜಿ ಹೊಂದಿಸಲು ಪುರುಸೊತ್ತಿಲ್ಲ. ರಾಶಿಯಿಂದ ಯಾವ ಪಿಸ್ಟನ್ ಎತ್ತಿದರೂ ಅದು ಯಾವ ಸಿಲಿಂಡರಿಗಾದರೂ ಕೂರಬೇಕು. ಎಣಿಕೆ ಹೆಚ್ಚಿದಷ್ಟೂ ಅಳತೆ ಬಿಗಿಯಾಗಬೇಕಾಗುತ್ತದೆ. ಯುದ್ಧಕಾಲದಲ್ಲಿ ಕಾರಿನವರು ಶಸ್ತ್ರಾಸ್ತ್ರ ಉದ್ಯಮಕ್ಕೆ ತಂದುಕೊಟ್ಟ ದೊಡ್ಡ ಕೊಡುಗೆ ಅಳತೆಯ ಈ ಶಿಸ್ತೇ ಎಂಬುದು ನನ್ನ ನಂಬಿಕೆ.

ಈ ಶಿಸ್ತು ಅತಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾದದ್ದು ಅಮೆರಿಕದಲ್ಲಿ. 1941ರಲ್ಲಿ ಅಲ್ಲಿ 30 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಆ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು. 1942ರ ಫೆಬ್ರುವರಿಯಲ್ಲಿ ಸರ್ಕಾರದ ಆದೇಶದಂತೆ ಸಾರ್ವಜನಿಕರಿಗಾಗಿ ಕಾರು ತಯಾರಿಸುವುದು ನಿಂತಿತು. ಜನರಲ್ ಮೋಟರ್ಸ್‌ನ ಅಧ್ಯಕ್ಷರಾಗಿದ್ದ ವಿಲಿಯಂ ನುಡ್ಸೆನ್ 1940ರಲ್ಲೇ ಹುದ್ದೆ ಬಿಟ್ಟು, ವರ್ಷಕ್ಕೆ 1 ಡಾಲರ್ ಸಂಬಳದ ಮೇಲೆ ಸರ್ಕಾರದ ಕೆಲಸಕ್ಕೆ ಸೇರಿದ್ದರು. ಡೆನ್ಮಾರ್ಕಿನಿಂದ ವಲಸೆ ಬಂದು ಕಾರ್ಖಾನೆಯ ನೆಲದಿಂದ ಮೇಲೇರಿದ ವ್ಯಕ್ತಿ ಅವರು. ಯಾವ ಕೆಲಸವನ್ನು ಯಾವ ಕಾರ್ಖಾನೆ ಮಾಡಬಲ್ಲದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಯಾವ ಯಂತ್ರ ಹೊಸ ಕೆಲಸಕ್ಕೆ ಬರುತ್ತದೆ ಎಂಬುದನ್ನು ಅದರ ಸ್ವಭಾವವೇ ನಿರ್ಧರಿಸುತ್ತದೆ. ಲೇತ್, ಪ್ರೆಸ್‌ನಂಥವಕ್ಕೆ ಹೊಸ ಡೈ, ಅಂದರೆ ಅಚ್ಚು, ಅಥವಾ ಹೊಸ ಉಪಕರಣ ಕೂರಿಸಿದರೆ ಹೊಸ ವಸ್ತು ಹೊರಬರುತ್ತದೆ. ಜನರಲ್ ಮೋಟರ್ಸ್‌ನ ಗೈಡ್ ಲ್ಯಾಂಪ್ ವಿಭಾಗ ಕಾರಿನ ಹೆಡ್‌ಲೈಟ್ ಮಾಡುತ್ತಿತ್ತು, ತಗಡನ್ನು ಒತ್ತಿ ಆಕಾರ ಕೊಡುವುದು ಅದಕ್ಕೆ ಕರಗತವಾಗಿತ್ತು. ಎಂ3 ಎಂಬ ಸಣ್ಣ ಮೆಷಿನ್ ಗನ್ನಿನ ಮೈಯನ್ನು ಅದು ಹಾಗೆಯೇ ತಗಡಿನಿಂದ ಒತ್ತಿ ಬೆಸುಗೆ ಹಾಕಿತು. 6 ಲಕ್ಷಕ್ಕೂ ಹೆಚ್ಚು ಗನ್‌ಗಳು ಅಲ್ಲಿ ತಯಾರಾದವು. ಆದರೆ ಒಂದೇ ಮಾದರಿಯ ಎಂಜಿನ್ ಬ್ಲಾಕಿಗೆ ಏಕಕಾಲಕ್ಕೆ ಹತ್ತಾರು ತೂತು ಕೊರೆಯಲೆಂದೇ ಕಟ್ಟಿದ ಯಂತ್ರ ಬೇರೆ ಯಾವುದಕ್ಕೂ ಬಾರದು. ಅಂಥವನ್ನು ಕಿತ್ತು ಬದಿಗಿಡಬೇಕಾಯಿತು.

ಕ್ರೈಸ್ಲರ್ ಕಂಪನಿಗೆ ಟ್ಯಾಂಕಿನ ಕೆಲಸ ಬಂದಾಗ ಹಳೆಯ ಕಟ್ಟಡಗಳು ಸಾಲಲಿಲ್ಲ. ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ ಡೆಟ್ರಾಯ್ಟ್ ಬಳಿಯ ಹೊಲದಲ್ಲಿ ಹೊಸ ಟ್ಯಾಂಕ್ ಕಾರ್ಖಾನೆ ಎದ್ದಿತು. 1941ರ ಏಪ್ರಿಲ್‌ನಲ್ಲಿ ಮೊದಲ ಟ್ಯಾಂಕ್ ಹೊರಬಂತು, ಯುದ್ಧ ಮುಗಿಯುವ ಹೊತ್ತಿಗೆ 22,000 ದಾಟಿತು. ಟ್ಯಾಂಕಿಗೆ ತಕ್ಕ ಎಂಜಿನ್‌ಗಳ ಅಭಾವವಾದಾಗ ಕ್ರೈಸ್ಲರ್‌ನವರು ಐದು ಕಾರು ಎಂಜಿನ್‌ಗಳನ್ನು ಒಟ್ಟಿಗೆ ಬೆಸೆದು 30 ಸಿಲಿಂಡರಿನ ಒಂದೇ ಎಂಜಿನ್ ಮಾಡಿದರು. ಅದೇ ಕಂಪನಿಗೆ ಸ್ವೀಡನ್ನಿನ ಬೋಫೋರ್ಸ್ ವಿಮಾನ ನಿರೋಧಕ ತೋಪಿನ ಕೆಲಸವೂ ಬಂತು. ಆ ಡ್ರಾಯಿಂಗ್‌ಗಳಲ್ಲೂ ಜೋಡಿಸುವಾಗ ಅರದಿಂದ ಉಜ್ಜಿ ಹೊಂದಿಸಿ ಎಂಬಂಥ ಸೂಚನೆಗಳಿದ್ದವು. ಮೆಟ್ರಿಕ್ ಅಳತೆಗಳನ್ನು ಇಂಚಿಗೆ ಬದಲಿಸಿ, ಪ್ರತಿ ಭಾಗಕ್ಕೂ ಮಿತಿ ಗೊತ್ತುಮಾಡಿ, ಸುಮಾರು 60,000 ತೋಪುಗಳನ್ನು ಕ್ರೈಸ್ಲರ್ ತಯಾರಿಸಿತು.

ಇದೇ ಶಿಸ್ತು ಎಡವಿದ್ದನ್ನೂ ಎದ್ದದ್ದನ್ನೂ ನೋಡಬೇಕಾದರೆ ಮಿಷಿಗನ್‌ನ ವಿಲೋ ರನ್‌ಗೆ ಹೋಗಬೇಕು. 1941ರ ಜನವರಿಯಲ್ಲಿ ಫೋರ್ಡ್‌ನ ಉತ್ಪಾದನಾ ಮುಖ್ಯಸ್ಥ ಚಾರ್ಲ್ಸ್ ಸೊರೆನ್ಸನ್ ಸ್ಯಾನ್ ಡಿಯಾಗೋದಲ್ಲಿದ್ದ ಕನ್ಸಾಲಿಡೇಟೆಡ್ ಕಂಪನಿಗೆ ಭೇಟಿಯಿತ್ತರು. ಅಲ್ಲಿ ನಾಲ್ಕು ಎಂಜಿನ್‌ಗಳ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬಯಲಿನಲ್ಲಿ, ಉಕ್ಕಿನ ಚೌಕಟ್ಟುಗಳ ಮೇಲೆ ಜೋಡಿಸುತ್ತಿದ್ದರು. ಬಿಸಿಲಿಗೆ ಲೋಹ ಹಿಗ್ಗುತ್ತದೆ. 10 ಮೀಟರ್ ಉದ್ದದ ಉಕ್ಕಿನ ತೊಲೆ 20 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಎರಡು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ, ಅಲ್ಯೂಮಿನಿಯಂ ಆದರೆ ಸುಮಾರು ಅದರ ಎರಡರಷ್ಟು. ಹಾಗಾಗಿ ಬೆಳಿಗ್ಗೆ ಜೋಡಿಸಿದ ವಿಮಾನಕ್ಕೂ ಮಧ್ಯಾಹ್ನ ಜೋಡಿಸಿದ ವಿಮಾನಕ್ಕೂ ಅಳತೆ ತಾಳೆಯಾಗುತ್ತಿರಲಿಲ್ಲ. ಸೊರೆನ್ಸನ್ ಆ ರಾತ್ರಿಯೇ ಹೋಟೆಲ್ ಕೋಣೆಯಲ್ಲಿ ಕೂತು, ಗಂಟೆಗೊಂದು ಬಾಂಬರ್ ಹೊರತರುವ ಕಾರ್ಖಾನೆಯ ನಕ್ಷೆ ಬರೆದರು.

ವಿಲೋ ರನ್‌ನಲ್ಲಿ ಆ ಬೃಹತ್ ಕಾರ್ಖಾನೆಯೇನೋ ಬೇಗ ಎದ್ದಿತು, ವಿಮಾನಗಳು ಬರಲಿಲ್ಲ. 1942ರ ಕೊನೆಯವರೆಗೆ ಅಲ್ಲಿ ಪೂರ್ಣಗೊಂಡ ವಿಮಾನಗಳ ಸಂಖ್ಯೆ 60ನ್ನೂ ಮುಟ್ಟಲಿಲ್ಲ. ಕಾರಣಗಳು ಹಲವು. ಕೆಲಸಗಾರರಿದ್ದ ಡೆಟ್ರಾಯ್ಟ್ ದೂರವಿತ್ತು, ಪೆಟ್ರೋಲು ಟೈರುಗಳಿಗೆ ರೇಷನ್ ಇತ್ತು, ಹತ್ತಿರದಲ್ಲಿ ಮನೆಗಳಿರಲಿಲ್ಲ. ಎಷ್ಟೋ ಕುಟುಂಬಗಳು ಟ್ರೇಲರುಗಳಲ್ಲಿ ಸಂಸಾರ ಹೂಡಿದವು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಹಿಂದೆಂದೂ ಕಾರ್ಖಾನೆಯ ಒಳಗೆ ಕಾಲಿಟ್ಟವರಲ್ಲ. ಅಂಥವರು 3 ಲಕ್ಷಕ್ಕೂ ಹೆಚ್ಚು ರಿವೆಟ್‌ಗಳಿರುವ ವಿಮಾನ ಕಟ್ಟಬೇಕಿತ್ತು.

ಇವೆಲ್ಲಕ್ಕಿಂತ ಆಳವಾದ ತೊಡಕು ತಾಂತ್ರಿಕವಾದದ್ದು. ಕಾರಿನ ವಿನ್ಯಾಸ ಒಮ್ಮೆ ನಿಗದಿಯಾದರೆ ವರ್ಷವಿಡೀ ಬದಲಾಗದು ಎಂಬ ಭರವಸೆಯ ಮೇಲೆ ಲಕ್ಷಾಂತರ ಡಾಲರುಗಳ ಗಟ್ಟಿ ಉಕ್ಕಿನ ಡೈಗಳನ್ನು ಮಾಡಿಸುತ್ತಾರೆ. ಯುದ್ಧವಿಮಾನದ ವಿನ್ಯಾಸವಾದರೋ ರಣರಂಗದ ಅನುಭವಕ್ಕೆ ತಕ್ಕಂತೆ ಮತ್ತೆಮತ್ತೆ ಬದಲಾಗುತ್ತದೆ: ಮೂತಿಗೊಂದು ಗನ್ ಗೋಪುರ ಬೇಕು, ಇಂಧನ ಟ್ಯಾಂಕಿಗೆ ರಕ್ಷಣೆ ಬೇಕು. ವಿಮಾನ ಕಂಪನಿಗಳು ಮೆದು ಲೋಹದ ಡೈ ಬಳಸುತ್ತಿದ್ದುದರಿಂದ ಇಂಥ ಬದಲಾವಣೆ ಅವರಿಗೆ ಸುಲಭವಾಗಿತ್ತು. ಫೋರ್ಡ್‌ನಲ್ಲಿ ಪ್ರತಿ ಬದಲಾವಣೆಗೂ ಉಕ್ಕಿನ ಡೈ ಹೊಸದಾಗಿ ಮಾಡಬೇಕಿತ್ತು, ಲೈನ್ ನಿಲ್ಲುತ್ತಿತ್ತು.

ಕೊನೆಗೆ ಫೋರ್ಡ್‌ನವರೂ ಸೇನೆಯವರೂ ಬಗ್ಗಿದರು. ಬದಲಾವಣೆಗಳನ್ನು ಬಂದಹಾಗೆ ತುರುಕುವುದರ ಬದಲು ಒಟ್ಟುಗೂಡಿಸಿ, ಇಷ್ಟು ವಿಮಾನಗಳಾದ ಮೇಲೆ ಒಂದೇ ಸಲ ಅಳವಡಿಸುವ ಕ್ರಮ ಬಂತು. ತುರ್ತಾದ ಮಾರ್ಪಾಡುಗಳನ್ನು ತಯಾರಾದ ವಿಮಾನಗಳಿಗೆ ಬೇರೆ ಕೇಂದ್ರಗಳಲ್ಲಿ ಮಾಡಲಾಯಿತು. ಕೆಲಸವನ್ನು ಸಣ್ಣಸಣ್ಣ ಹಂತಗಳಾಗಿ ಒಡೆದು, ಒಬ್ಬೊಬ್ಬರಿಗೆ ಒಂದೊಂದನ್ನು ಕಲಿಸಲಾಯಿತು. ರಿವೆಟ್ ಹೊಡೆಯುವ ಕೆಲಸದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ನಿಂತರು. 1944ರಲ್ಲಿ ವಿಲೋ ರನ್ ತಿಂಗಳಿಗೆ 400ಕ್ಕೂ ಹೆಚ್ಚು ಬಾಂಬರ್‌ಗಳನ್ನು, ಅಂದರೆ ಕೆಲಸ ನಡೆದ ಹೆಚ್ಚುಕಡಿಮೆ ಪ್ರತಿ ಗಂಟೆಗೊಂದನ್ನು ಹೊರತಂದಿತು. ಬೇರೆಡೆ ಜೋಡಿಸಲು ಕಳುಹಿಸಿದ ಕಿಟ್‌ಗಳೂ ಸೇರಿ ಒಟ್ಟು 8,685.

ಈ ಸಾಧನೆಗೆ ತೆತ್ತ ಬೆಲೆಯನ್ನು ಮರೆಯಬಾರದು. ಕೆಲಸ ಹುಡುಕಿ ಬಂದವರಿಂದ ಕಿಕ್ಕಿರಿದ ಡೆಟ್ರಾಯ್ಟ್‌ನಲ್ಲಿ 1943ರ ಜೂನ್‌ನಲ್ಲಿ ಜನಾಂಗೀಯ ಗಲಭೆ ಎದ್ದು 34 ಮಂದಿ ಸತ್ತರು. ಗಂಟೆಗೊಂದರಂತೆ ತಯಾರಾದದ್ದು ಊರುಗಳ ಮೇಲೆ ಬಾಂಬು ಸುರಿಸುವ ಯಂತ್ರ ಎಂಬುದೂ ನಿಜ.

ಲಿಬರೇಟರ್‌ಗೂ ಬೆಂಗಳೂರಿಗೂ ನಂಟಿದೆ. ಯುದ್ಧ ಮುಗಿದ ಮೇಲೆ, ಮತ್ತೆ ಬಳಕೆಗೆ ಬಾರದಂತೆ ಹಾಳುಗೆಡವಿದ ಬಿ-24 ವಿಮಾನಗಳು ಕಾನ್ಪುರದಲ್ಲಿ ಬಿದ್ದಿದ್ದವು. 1940ರಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಯೋಗದಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂತ್ರಜ್ಞರು, ಅವನ್ನು ಹಾರುವಷ್ಟು ಸರಿಪಡಿಸಿ ಬೆಂಗಳೂರಿಗೆ ತಂದು ಪೂರ್ತಿಯಾಗಿ ದುರಸ್ತಿ ಮಾಡಿದರು. ಭಾರತೀಯ ವಾಯುಪಡೆ ಅವುಗಳನ್ನು 1968ರವರೆಗೂ ಬಳಸಿತು.

2020ರಲ್ಲಿ ಕೋವಿಡ್ ಹರಡಿದಾಗ ಇದೇ ವಿದ್ಯೆ ಜೀವ ಉಳಿಸುವ ಕೆಲಸಕ್ಕೆ ಬಂತು. ಜನರಲ್ ಮೋಟರ್ಸ್ ವೆಂಟೆಕ್ ಕಂಪನಿಯ ಜೊತೆಗೂಡಿ 30,000 ವೆಂಟಿಲೇಟರ್ ತಯಾರಿಸಿತು. ನಮ್ಮಲ್ಲಿ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸವನ್ನು ಕೈಗೆತ್ತಿಕೊಂಡದ್ದು ರಕ್ಷಣಾ ಉಪಕರಣ ತಯಾರಿಸುವ ಬೆಂಗಳೂರಿನ ಬಿಇಎಲ್. ಅದಕ್ಕೆ ಬಂದ ಬೇಡಿಕೆಯೂ 30,000.

ಸಂಕಟ ಬಂದಾಗ ಕಾರ್ಖಾನೆಯನ್ನು ತಿರುಗಿಸುವುದು ಆದೇಶದಿಂದ ಮಾತ್ರ ಆಗುವ ಕೆಲಸವಲ್ಲ. ಡೈ, ಜಿಗ್, ಗೇಜ್‌ನಂಥ ಉಪಕರಣಗಳನ್ನು ಮಾಡಬಲ್ಲ ಕೈಗಳು ಅದಕ್ಕೆ ಮೊದಲೇ ತಯಾರಿರಬೇಕು, ಅಂಥ ಕೈಗಳು ಪಳಗಲು ವರ್ಷಗಳೇ ಬೇಕು. ಪೀಣ್ಯದ ಟೂಲ್‌ರೂಮುಗಳಲ್ಲಿ, ಜಿಲ್ಲೆಗಳ ಐಟಿಐಗಳಲ್ಲಿ, ಜಿಟಿಟಿಸಿ ತರಬೇತಿ ಕೇಂದ್ರಗಳಲ್ಲಿ ಮೈಕ್ರೋಮೀಟರ್ ಹಿಡಿದು ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಒಳ್ಳೆಯ ಯಂತ್ರ, ಒಳ್ಳೆಯ ಗುರು, ಒಳ್ಳೆಯ ಸಂಬಳ ಸಿಗುವಂತೆ ನೋಡಿಕೊಳ್ಳೋಣ. ಬೇಕಾದ ದಿನ ಹುಡುಕಿದರೆ ಅವರು ಸಿಗುವುದಿಲ್ಲ.