ಹಳಿ ಕಿತ್ತ ದಾರಿಯಲ್ಲಿ ಸೈಕಲ್ ಪಯಣ

ಸುರಂಗದ ಬಾಯಿಗೆ ಬಂದಾಗ ಮಗಳು ಸೈಕಲ್ ನಿಲ್ಲಿಸಿ, 'ಅಪ್ಪ, ಸ್ವೆಟರ್ ಹಾಕಿಕೊಳ್ಳಿ' ಎಂದಳು. ಹೊರಗೆ ಮೇ ತಿಂಗಳ ಹಿತವಾದ ಬಿಸಿಲಿತ್ತು. ಒಳಗೆ ಹೊಕ್ಕ ನೂರು ಮಾರಿನಲ್ಲೇ ಅವಳ ಮಾತಿನ ಅರ್ಥ ತಿಳಿಯಿತು. ಬ್ವಾ ಕ್ಲೇರ್ ಎಂಬ ಆ ಸುರಂಗದ ಉದ್ದ ಸುಮಾರು 1.6 ಕಿಲೋಮೀಟರು. ಒಳಗೆ ನೆಲಮಾಳಿಗೆಯ ಚಳಿ, ಮಂದವಾದ ದೀಪಗಳು, ಎಲ್ಲೋ ತೊಟ್ಟಿಕ್ಕುವ ನೀರಿನ ಸದ್ದು. ಒಂದು ಕಾಲದಲ್ಲಿ ಇದರೊಳಗೆ ರೈಲು ಓಡುತ್ತಿತ್ತು. ಈಗ ಬೇಸಿಗೆಯಲ್ಲಿ ಸೈಕಲ್ ಸವಾರರದು, ಚಳಿಗಾಲದಲ್ಲಿ ಬಾವಲಿಗಳದು. ಶೀತನಿದ್ರೆಯಲ್ಲಿರುವ ಬಾವಲಿಗಳಿಗೆ ತೊಂದರೆಯಾಗಬಾರದೆಂದು ಆ ತಿಂಗಳುಗಳಲ್ಲಿ ಸುರಂಗವನ್ನು ಮುಚ್ಚುತ್ತಾರೆ. ಸವಾರರು ಮೇಲಿನ ಕಣಿವೆಯ ರಸ್ತೆಯನ್ನು ಹತ್ತಿ ಇಳಿಯಬೇಕು.

ಫ್ರಾನ್ಸಿನ ಬರ್ಗಂಡಿ ಸೀಮೆಯ ದಕ್ಷಿಣ ಭಾಗದಲ್ಲಿ ಎರಡು ವರ್ಷಗಳ ಹಿಂದೆ ನಾನು ಕೈಗೊಂಡ ಒಂಬತ್ತು ದಿನಗಳ ಸೈಕಲ್ ಪ್ರವಾಸ ಹೀಗೆ ಮೊದಲಾಯಿತು. ಮಗಳು ಲಿಯೋನ್ ನಗರದಲ್ಲಿ ನೌಕರಿಯಲ್ಲಿದ್ದಾಳೆ. ನಿವೃತ್ತಿಯ ನಂತರ ಬೆಳಗಿನ ನಡಿಗೆ ಮತ್ತು ಅರ್ಧ ಓದಿದ ಪುಸ್ತಕಗಳ ನಡುವೆ ಕಾಲ ಕಳೆಯುತ್ತಿದ್ದ ನನ್ನನ್ನು ಅವಳೇ ಇದಕ್ಕೆ ಎಳೆದವಳು. ಗ್ರಾಮಲೆಕ್ಕಿಗರು ಸೈಕಲ್ ಮೇಲೆ ಊರೂರು ತಿರುಗುತ್ತಿದ್ದ ಕಾಲದಲ್ಲಿ ಸೇವೆಗೆ ಸೇರಿದವನು ನಾನು. ಆದರೆ ನನ್ನ ಪ್ರವಾಸಗಳೆಲ್ಲ ಜೀಪಿನಲ್ಲಾದವು ಎಂಬುದನ್ನು ಒಪ್ಪಿಕೊಳ್ಳಬೇಕು.

ಮಾಕೋನ್ ಪಟ್ಟಣದಿಂದ ಕ್ಲೂನಿಯ ಮೂಲಕ ಶಾಲೋನ್‌ವರೆಗೆ ಸುಮಾರು 70 ಕಿಲೋಮೀಟರಿನ ಈ ಮಾರ್ಗವನ್ನು 'ವೋಯಿ ವೆರ್ತ್', ಅಂದರೆ ಹಸಿರು ದಾರಿ ಎಂದು ಕರೆಯುತ್ತಾರೆ. ಕ್ಲೂನಿಯಿಂದ ಜಿವ್ರಿಯವರೆಗಿನ 44 ಕಿಲೋಮೀಟರಿನ ಭಾಗ 1997ರಲ್ಲಿ ತೆರೆಯಿತು. ಫ್ರಾನ್ಸಿನ ಮೊತ್ತಮೊದಲ ಹಸಿರು ದಾರಿ ಇದೇ. ರೈಲುಹಳಿಯನ್ನು ಕಿತ್ತು, ಅದರ ದಿಣ್ಣೆಯ ಮೇಲೆ ಡಾಂಬರು ಹಾಸಿ, ಮೋಟಾರು ವಾಹನಗಳನ್ನು ನಿಷೇಧಿಸಿದ್ದಾರೆ. ರೈಲಿಗೆ ಕಡಿದಾದ ಏರು ಆಗದು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಗುಡ್ಡ ಸೀಳಿ, ತಗ್ಗು ತುಂಬಿ ಸಮಮಾಡಿದ ನೆಲ ಅರವತ್ತು ದಾಟಿದ ಮೊಣಕಾಲುಗಳಿಗೆ ವರವಾಗಿದೆ. ದ್ರಾಕ್ಷಿತೋಟಗಳ ನಡುವೆ ಹಳೆಯ ನಿಲ್ದಾಣದ ಕಟ್ಟಡಗಳು ಈಗಲೂ ನಿಂತಿವೆ. ಒಂದರಲ್ಲಿ ಯಾರೋ ಸಂಸಾರ ಹೂಡಿದ್ದಾರೆ, ಇನ್ನೊಂದರ ಮುಂದೆ ಸೈಕಲ್‌ಗಳು ಬಾಡಿಗೆಗೆ ದೊರೆಯುತ್ತವೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಲೆಕ್ಕ ಹಾಕದೆ ಇರಲಾಗದು. 1879ರಲ್ಲಿ ಲೋಕೋಪಯೋಗಿ ಸಚಿವ ಶಾರ್ಲ್ ದ ಫ್ರೆಸಿನೆ ದೇಶದ ಉಪವಿಭಾಗ ಕೇಂದ್ರಗಳಿಗೆಲ್ಲ ರೈಲು ಮುಟ್ಟಿಸುವ ಭಾರಿ ಯೋಜನೆಯನ್ನು ಮುಂದಿಟ್ಟರು. ಸಾಲದ ಹಣದಿಂದ ನಡೆದ ಈ ಕೆಲಸದಲ್ಲಿ ಹಲವು ಮಾರ್ಗಗಳು ಎಂದೂ ಲಾಭ ಕಾಣಲಿಲ್ಲ. ಮೋಟಾರು ಬಂದ ಮೇಲೆ ಇಂಥ ಕಿರುಮಾರ್ಗಗಳು ಒಂದೊಂದಾಗಿ ಮುಚ್ಚಿದವು. ಮುಚ್ಚಿದ ಮಾರ್ಗದ ನೆಲವನ್ನು ಏನು ಮಾಡಬೇಕೆಂಬುದು ಯಾವುದೇ ಸರ್ಕಾರಕ್ಕೆ ಎದುರಾಗುವ ಪ್ರಶ್ನೆ. ಅಕ್ಕಪಕ್ಕದ ರೈತರಿಗೆ ತುಂಡುತುಂಡಾಗಿ ಮಾರಿದರೆ ಆ ವರ್ಷದ ಬಜೆಟ್ಟಿಗೆ ಒಂದಿಷ್ಟು ಜಮೆಯಾಗುತ್ತದೆ. ಆದರೆ ಹಾಗೆ ಒಡೆದ ಉದ್ದನೆಯ ನೆಲವನ್ನು ಮತ್ತೆ ಕೂಡಿಸುವುದು ಯಾವ ಬಜೆಟ್ಟಿಗೂ ನಿಲುಕದು. ಇಲ್ಲಿ ಸೋನ್-ಎ-ಲ್ವಾರ್ ಜಿಲ್ಲಾ ಪರಿಷತ್ತು ಆ ಪಟ್ಟಿಯನ್ನು ಇಡಿಯಾಗಿ ಉಳಿಸಿಕೊಂಡಿತು.

ಇದರ ತದ್ವಿರುದ್ಧದ ನಿದರ್ಶನ ಅದೇ ದಾರಿಯಲ್ಲಿರುವ ಕ್ಲೂನಿಯಲ್ಲೇ ಕಾಣಸಿಗುತ್ತದೆ. ಕ್ರಿ.ಶ. 910ರಲ್ಲಿ ಸ್ಥಾಪನೆಯಾದ ಅಲ್ಲಿನ ಮಠದ ಮೂರನೆಯ ಚರ್ಚು, ರೋಮಿನ ಸಂತ ಪೀಟರರ ಚರ್ಚು ಹೊಸದಾಗಿ ಏಳುವವರೆಗೆ ಕ್ರೈಸ್ತ ಜಗತ್ತಿನ ಅತಿ ದೊಡ್ಡ ಚರ್ಚಾಗಿತ್ತು. ಕ್ರಾಂತಿಯ ನಂತರ ಅದನ್ನು ರಾಷ್ಟ್ರೀಯ ಆಸ್ತಿಯೆಂದು ಘೋಷಿಸಿ 1798ರಲ್ಲಿ ಮಾರಿದರು. ಕೊಂಡವರು ಕಲ್ಲನ್ನು ಕಲ್ಲಾಗಿಯೇ ಮಾರಿಕೊಂಡರು. ಈಗ ಉಳಿದಿರುವುದು ಒಂದು ಪಾರ್ಶ್ವ, ಒಂದು ಗೋಪುರ ಮತ್ತು ಬಯಲಿನಲ್ಲಿ ಕಂಬಗಳಿದ್ದ ಜಾಗದ ಗುರುತುಗಳು. ಆ ಖಾಲಿ ಜಾಗದ ಅಂಚಿನಲ್ಲಿ ಕುಳಿತು ನಾವು ಬ್ರೆಡ್ಡು, ಚೀಸು ತಿಂದೆವು. ಸಸ್ಯಾಹಾರಿಗೆ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಒಂಬತ್ತು ದಿನವೂ ಬಹುಮಟ್ಟಿಗೆ ಇದೇ ಊಟ.

ಸಮತಟ್ಟಾದ ದಾರಿ ಎರಡು ದಿನಕ್ಕೇ ಬೇಸರ ತರಿಸುತ್ತದೆ. ನಿಜವಾದ ಸೊಗಸಿರುವುದು ಅದನ್ನು ಬಿಟ್ಟು ಪಶ್ಚಿಮಕ್ಕೆ, ಶಾರೊಲೆ ಮತ್ತು ಬ್ರಿಯೊನೆ ಎಂಬ ಗುಡ್ಡಗಾಡಿಗೆ ಹೊರಳಿದಾಗ. ಗುಡ್ಡವೆಂದರೆ ನಮ್ಮ ಮಲೆನಾಡಿನಂತಲ್ಲ. ನೆಲವೇ ಉಸಿರಾಡುತ್ತಿರುವಂತೆ ಮೆಲ್ಲಗೆ ಏರಿ ಇಳಿಯುವ ದಿಬ್ಬಗಳು, ಅವುಗಳ ಮೇಲೆ ಬೇಲಿಗಿಡಗಳು ಗೆರೆ ಎಳೆದ ಹುಲ್ಲುಗಾವಲುಗಳು, ಅವುಗಳಲ್ಲಿ ಬೆಣ್ಣೆಬಣ್ಣದ ಶಾರೊಲೆ ದನಗಳು. ಐದು ನಿಮಿಷ ಏರಿದರೆ ಎರಡು ನಿಮಿಷ ಇಳಿಜಾರು, ಮತ್ತೆ ಏರು. ಒಂದೊಂದು ಏರೂ ಅಲ್ಪವೇ. ಆದರೆ ಇಂಥ ಮೂವತ್ತನ್ನು ದಾಟಿದ ಸಂಜೆ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಗುತ್ತದೆ. ಇಲ್ಲಿ ಮಿಶೆಲಿನ್ ಭೂಪಟವೇ ನಿಜವಾದ ಮಾರ್ಗದರ್ಶಿ. ಅದರಲ್ಲಿ ಕೆಂಪು ರಸ್ತೆ ಲಾರಿಗಳದು, ಹಳದಿಯದು ಸಹಿಸಬಹುದಾದುದು, ಬಿಳಿಯದೇ ನಮ್ಮದು. ಅಂಚಿಗೆ ಹಸಿರು ಗೆರೆಯಿದ್ದರೆ ನೋಟ ಚೆನ್ನಾಗಿದೆಯೆಂದು ಅರ್ಥ, ಬಾಣದ ತುದಿಯಂಥ ಗುರುತಿದ್ದರೆ ಏರು ಕಡಿದಾಗಿದೆಯೆಂದು ಅರ್ಥ. ಎರಡೂ ಒಟ್ಟಿಗೆ ಬರುವುದೇ ಹೆಚ್ಚು.

ಈ ಬಿಳಿ ರಸ್ತೆಗಳನ್ನು ಯಾರೂ ಪ್ರವಾಸಿಗರಿಗಾಗಿ ಮಾಡಿದ್ದಲ್ಲ. 1836ರ ಮೇ 21ರ ಕಾನೂನು ಗ್ರಾಮರಸ್ತೆಗಳ ಹೊಣೆಯನ್ನು ಗ್ರಾಮಸಭೆಗಳಿಗೆ ವಹಿಸಿತು. ಅದಕ್ಕೆ ವರ್ಷಕ್ಕೆ ಗರಿಷ್ಠ ಮೂರು ದಿನಗಳ ದುಡಿಮೆಯನ್ನು ತೆರಿಗೆಯ ರೂಪದಲ್ಲಿ ಪಡೆಯುವ ಅಧಿಕಾರ ನೀಡಿತು. ಹಣವಿಲ್ಲದವನು ಗುದ್ದಲಿ ಹಿಡಿದು ಬರುತ್ತಿದ್ದ. ಬಿಟ್ಟಿ ದುಡಿಮೆಯ ಕಹಿ ಅದರಲ್ಲಿ ಇರಲಿಲ್ಲವೆಂದು ಹೇಳಲಾರೆ. ಆದರೆ ಹಾಲು, ಹುಲ್ಲು, ಅಂಚೆಗಳಿಗಾಗಿ ಹೀಗೆ ಹಬ್ಬಿದ ಜಾಲದಿಂದಲೇ ಇಂದು ಫ್ರಾನ್ಸಿನಲ್ಲಿ ಸುಮಾರು 11 ಲಕ್ಷ ಕಿಲೋಮೀಟರು ರಸ್ತೆಯಿದೆ. ಹೆದ್ದಾರಿ ಮತ್ತು ರಾಷ್ಟ್ರೀಯ ರಸ್ತೆಗಳ ಪಾಲು ಅದರಲ್ಲಿ ಶೇಕಡ ಎರಡರಷ್ಟು ಮಾತ್ರ. ಉಳಿದುದೆಲ್ಲ ಜಿಲ್ಲೆ ಮತ್ತು ಗ್ರಾಮಗಳ ರಸ್ತೆ. ಅರ್ಧ ಗಂಟೆಗೊಮ್ಮೆ ಒಂದು ಟ್ರ್ಯಾಕ್ಟರು ಎದುರಾಗುವ ಡಾಂಬರು ರಸ್ತೆಗಳವು. ಊರ ಹೊರಗೆ ಸೈಕಲ್ಲನ್ನು ಹಿಂದೆ ಹಾಕುವ ವಾಹನ ಒಂದೂವರೆ ಮೀಟರು ಅಂತರ ಬಿಡಬೇಕೆಂಬುದು ಅಲ್ಲಿನ ನಿಯಮ. ನಮ್ಮ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಚಾಲಕರು ಅದನ್ನು ಪಾಲಿಸಿದರು.

ಹೀಗೆ ಗುಡ್ಡಗಳಲ್ಲಿ ಸೈಕಲ್ ತುಳಿಯುವುದನ್ನು ಒಂದು ಜೀವನಕ್ರಮವನ್ನಾಗಿಸಿದವರು ಸೇಂತ್-ಎತಿಯೆನ್ ನಗರದ ಪಾಲ್ ದ ವಿವಿ (1853-1930). ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ ಹಿಡಿದ ಈ ಮನುಷ್ಯ 1887ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿ, 'ವೆಲೋಸಿಯೋ' ಎಂಬ ಹೆಸರಿನಲ್ಲಿ ಬರೆದರು. ಏರು ಹತ್ತಲು ಹಲವು ಗೇರುಗಳು ಬೇಕೆಂದು ಅವರು ವಾದಿಸಿದಾಗ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಸ್ಥಾಪಕ ಆನ್ರಿ ದೆಗ್ರಾಂಜ್ ಅದನ್ನು ದುರ್ಬಲರ ಊರುಗೋಲೆಂಬಂತೆ ಕಂಡರು. ಆ ಸ್ಪರ್ಧೆಯಲ್ಲಿ ಸರಪಳಿಯನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಗೇರಿಗೆ ಅನುಮತಿ ದೊರೆತದ್ದು 1937ರಲ್ಲಿ. ಅಷ್ಟರಲ್ಲಿ ದ ವಿವಿ ತೀರಿಕೊಂಡು ಏಳು ವರ್ಷಗಳಾಗಿದ್ದವು, ಅದೂ ತಮ್ಮದೇ ಊರಿನ ಬೀದಿಯಲ್ಲಿ ಟ್ರಾಮು ಬಡಿದು. ಅದಕ್ಕೆ ಒಂದು ವರ್ಷ ಹಿಂದೆ, 1936ರಲ್ಲಿ, ಲೆಯೋನ್ ಬ್ಲೂಮ್ ಸರ್ಕಾರ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನಾಗಿಸಿತ್ತು. ಕಾರು ಕೊಳ್ಳಲಾಗದ ಗಂಡಹೆಂಡಿರು ಇಬ್ಬರು ತುಳಿಯುವ ಜೋಡಿ ಸೈಕಲ್ಲಿನ ಮೇಲೆ ಊರು ಬಿಟ್ಟು ಹೊರಟ ಚಿತ್ರಗಳು ಆ ಬೇಸಿಗೆಯ ನೆನಪಾಗಿ ಇಂದಿಗೂ ಉಳಿದಿವೆ. ಈಗ ದುಬಾರಿ ಸೈಕಲ್ಲೇರಿ ದ್ರಾಕ್ಷಿತೋಟಗಳ ನಡುವೆ ಸಾಗುವ ನಮ್ಮಂಥವರಿಗೆ ಆ ಹಿನ್ನೆಲೆ ತಿಳಿದಿದ್ದರೆ ಒಳ್ಳೆಯದು.

ನಮ್ಮವರಿಗೆ ಫ್ರಾನ್ಸಿನ ದಿಬ್ಬಗಳು ಈಗ ಅಪರಿಚಿತವಲ್ಲ. 1891ರಲ್ಲಿ ಮೊದಲು ನಡೆದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿ ಈಗ ನಾಲ್ಕು ವರ್ಷಗಳಿಗೊಮ್ಮೆ ಜರುಗುತ್ತದೆ. ಸುಮಾರು 1200 ಕಿಲೋಮೀಟರು, ಗಡುವು 90 ಗಂಟೆ. ನಾರ್ಮಂಡಿ, ಬ್ರಿಟನಿ ಸೀಮೆಗಳ ಮುಗಿಯದ ಏರಿಳಿತಗಳೇ ಅದರ ಸತ್ವಪರೀಕ್ಷೆ. 2019 ಮತ್ತು 2023ರಲ್ಲಿ ಭಾರತದಿಂದ ನೂರಾರು ಮಂದಿ ಹೋಗಿದ್ದರು, ಬೆಂಗಳೂರಿನವರೂ ಅವರಲ್ಲಿದ್ದರು. ದಾರಿಯುದ್ದಕ್ಕೂ ಹಳ್ಳಿಗರು ನಡುರಾತ್ರಿಯಲ್ಲೂ ಮನೆಯ ಮುಂದೆ ಮೇಜು ಹಾಕಿ ಕಾಫಿ ಕೊಡುತ್ತಾರಂತೆ. ಅಷ್ಟು ಕಸುವಿಲ್ಲದವರಿಗೆ ಲ್ವಾರ್ ನದಿಯ ದಂಡೆಯ ಸುಮಾರು 900 ಕಿಲೋಮೀಟರಿನ ಮಾರ್ಗವಿದೆ. ಅರಮನೆಗಳು, ಚೆನ್ನಾದ ಫಲಕಗಳು, ಸೈಕಲ್ ಇಡಲು ಜಾಗವಿರುವ ವಸತಿಗೃಹಗಳು ಎಲ್ಲವೂ ಅಲ್ಲುಂಟು. ಮೊದಲ ಬಾರಿ ಹೋಗುವವರಿಗೆ ಅದನ್ನೇ ಹೇಳುತ್ತೇನೆ. ನನಗೆ ಮಾತ್ರ ದಿಬ್ಬಗಳೇ ಇಷ್ಟ.

ದಿಬ್ಬಗಳ ಹಳ್ಳಿಗಳಲ್ಲಿ ಮೌನ ದಟ್ಟವಾಗಿದೆ. ಚರ್ಚು, ಗ್ರಾಮಾಡಳಿತದ ಕಚೇರಿ, 1914-18ರ ಯುದ್ಧದಲ್ಲಿ ಮಡಿದವರ ಸ್ಮಾರಕ, ಈ ಮೂರಿಲ್ಲದ ಊರನ್ನು ನಾವು ಕಾಣಲಿಲ್ಲ. ಐವತ್ತು ಮನೆಯ ಊರಿನ ಸ್ಮಾರಕದಲ್ಲಿ ಇಪ್ಪತ್ತೇಳು ಹೆಸರುಗಳಿದ್ದವು, ನಾಲ್ಕು ಒಂದೇ ಮನೆತನದವು. ನೀರು ಬೇಕಾದರೆ ಸ್ಮಶಾನಕ್ಕೆ ಹೋಗಬೇಕೆಂದು ಮಗಳು ಕಲಿಸಿದಳು. ಸಮಾಧಿಯ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇದ್ದೇ ಇರುತ್ತದೆ, ಕುಡಿಯಬಾರದೆಂಬ ಫಲಕವಿದೆಯೇ ಎಂದು ನೋಡಿಕೊಂಡರೆ ಸಾಕು. ಬ್ರೆಡ್ಡಿನ ಅಂಗಡಿ ಮಾತ್ರ ಎರಡು ಮೂರು ಊರಿಗೊಂದು. ತಂಗಿದ್ದ ಮನೆಯ ಒಡತಿ, ಎಪ್ಪತ್ತು ದಾಟಿದವರು, ತಮ್ಮೂರಿನ ಶಾಲೆ ಮುಚ್ಚಿತೆಂದೂ ವೈದ್ಯರು ಬರುವುದು ನಿಂತಿತೆಂದೂ ಹೇಳಿದರು. ಬೇಸಿಗೆಯ ಸೈಕಲ್ ಸವಾರರಿಂದ ಮನೆಯ ಛಾವಣಿ ರಿಪೇರಿಯಾಯಿತಂತೆ. ಶಾಲೆ ಮರಳಲಿಲ್ಲ. ಪ್ರವಾಸೋದ್ಯಮವೇ ಹಳ್ಳಿಗಳಿಗೆ ಮದ್ದು ಎಂದು ಟಿಪ್ಪಣಿ ಬರೆದವರಲ್ಲಿ ನಾನೂ ಒಬ್ಬ. ಆಕೆಯ ಲೆಕ್ಕ ನನ್ನದಕ್ಕಿಂತ ಸರಿಯಾಗಿತ್ತು.

ಏಳನೆಯ ದಿನ ಒಂದು ತೊಡಕಾಯಿತು. ಭೂಪಟದಲ್ಲಿ ಸಣ್ಣ ಗೆರೆಯಾಗಿ ಕಾಣುತ್ತಿದ್ದ ಹೊಲದಾರಿಯೊಂದನ್ನು ನಂಬಿ ಇಳಿದೆವು. ಬೇಲಿಗಿಡಗಳ ನಡುವೆ ಮೂರು ಕಿಲೋಮೀಟರು ಸಾಗಿದ ಮೇಲೆ ಅಡ್ಡಲಾಗಿ ಮುಳ್ಳುತಂತಿ, ಆಚೆ ದನಗಳು. ಅಲ್ಲಿನ ಹೊಲದಾರಿಗಳು ಗ್ರಾಮದ ಖಾಸಗಿ ಸ್ವತ್ತೆಂದು ಎಣಿಸಲ್ಪಡುತ್ತವೆ. ಹಾಗಾಗಿ ಮೂವತ್ತು ವರ್ಷ ಉತ್ತವನು ಅದರ ಒಡೆತನವನ್ನೇ ಕೇಳಬಹುದು. ಎಷ್ಟೋ ದಾರಿಗಳು ಹೀಗೆ ಕಳೆದುಹೋದ ಮೇಲೆ, 2022ರ ಕಾನೂನೊಂದು ಗ್ರಾಮಸಭೆಗಳು ತಮ್ಮ ದಾರಿಗಳ ಪಟ್ಟಿ ಸಿದ್ಧಪಡಿಸುವಷ್ಟು ಕಾಲ ಈ ಅವಧಿಯ ಎಣಿಕೆಯನ್ನು ತಡೆಹಿಡಿಯಲು ಅವಕಾಶ ಮಾಡಿತು.

ಆ ತಂತಿಯ ಮುಂದೆ ನನಗೆ ನೆನಪಾದದ್ದು ಒಂದು ಕಡತ. ಉಪವಿಭಾಗಾಧಿಕಾರಿಯಾಗಿದ್ದ ದಿನಗಳಲ್ಲಿ, ಎರಡು ಹಳ್ಳಿಗಳ ನಡುವಿನ 'ಬಿ' ಖರಾಬು ಬಂಡಿದಾರಿಯೊಂದು ಬಳಕೆಯಲ್ಲಿಲ್ಲ, ಅದನ್ನು ರದ್ದುಗೊಳಿಸಬಹುದು ಎಂಬ ಪ್ರಸ್ತಾವ ಬಂತು. ಗ್ರಾಮನಕ್ಷೆಯಲ್ಲಿ ಜೋಡಿ ಚುಕ್ಕೆಗೆರೆ ಸ್ಪಷ್ಟವಾಗಿತ್ತು. ಸ್ಥಳಕ್ಕೆ ಹೋಗಲಿಲ್ಲ. ಕಾಲು ಗಂಟೆಯಲ್ಲಿ ಶಿಫಾರಸು ಬರೆದೆ. ಮಾರನೆಯ ವಾರ ವಯಸ್ಸಾದ ರೈತನೊಬ್ಬ ಕಚೇರಿಗೆ ಬಂದು, 'ಸ್ವಾಮಿ, ಕೆರೆಗೆ ದನ ಹೋಗೋದೇ ಆ ದಾರೀಲಿ' ಎಂದ. ಡಾಂಬರು ರಸ್ತೆಯಿದೆಯಲ್ಲ ಎಂದೆ. 'ಸುತ್ತು ಆಗ್ತದೆ ಸ್ವಾಮಿ, ಎರಡು ಮೈಲಿ' ಎಂದು ಹೇಳಿ ಆತ ಸ್ವಲ್ಪ ಹೊತ್ತು ನಿಂತಿದ್ದು ಹೋದ.

'ಏನಪ್ಪ ಯೋಚನೆ?' ಎಂದು ಮಗಳು ಕೇಳಿದಾಗ ಏನೂ ಇಲ್ಲವೆಂದೆ. ತಂತಿಯಾಚೆಯ ದನವೊಂದು ತಲೆಯೆತ್ತಿ ನಮ್ಮನ್ನು ನೋಡಿ ಮತ್ತೆ ಹುಲ್ಲಿಗೆ ಬಾಗಿತು. ಸೈಕಲ್ಲುಗಳನ್ನು ತಿರುಗಿಸಿಕೊಂಡು, ಬಂದ ಮೂರು ಕಿಲೋಮೀಟರನ್ನೂ ಏರುಮುಖವಾಗಿ ತುಳಿದು, ಡಾಂಬರು ರಸ್ತೆಯನ್ನು ಸೇರುವ ಹೊತ್ತಿಗೆ ಕತ್ತಲಾಗತೊಡಗಿತ್ತು.