ಅಲೆ ಇಲ್ಲದ ಕಡೆ ಸಮುದ್ರಕ್ಕೆ ಇಳಿದರೆ ಅಪಾಯವಿಲ್ಲವೇ? ಸತ್ಯ ಇಲ್ಲಿದೆ

ಚಾಮರಾಜನಗರ ಜಿಲ್ಲೆಗೆ ಕಡಲತೀರವಿಲ್ಲ. ಗುಂಡ್ಲುಪೇಟೆಯಿಂದ ಸಮುದ್ರ ನೋಡಲು ಹೊರಟ ಕುಟುಂಬಗಳು ಬಂಡೀಪುರ ದಾಟಿ, ಸುಲ್ತಾನ್ ಬತ್ತೇರಿ ಮಾರ್ಗವಾಗಿ ವಯನಾಡಿನ ಘಟ್ಟ ಇಳಿದು ಕೋಯಿಕ್ಕೋಡ್ ಸೇರುತ್ತವೆ. ಕಾಡಿನ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತದೆ. ಹಾಗಾಗಿ ಬೀಚಿನಲ್ಲಿ ಸಿಗುವ ಸಮಯ ಕಡಿಮೆ, ನೀರಿಗಿಳಿಯುವ ಆತುರ ಹೆಚ್ಚು. ಆಗ ಹಿರಿಯರು ಹೇಳುವ ಮಾತು: "ಅಲೆ ಇಲ್ಲದ ಕಡೆ ಆಡಿ, ಅಲ್ಲಿ ಭಯವಿಲ್ಲ."

ಇದು ನಿಜವೇ?

ಅಲ್ಲ. ಕೆರೆಯಲ್ಲಿ ನಿಂತ ನೀರು ಹರಿಯುವ ನೀರಿಗಿಂತ ಸುರಕ್ಷಿತ ಎನಿಸಬಹುದು. ಆದರೆ ಎರಡು ಕಡೆ ನೊರೆ ಅಲೆಗಳಿದ್ದು, ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ ಅದು 'ರಿಪ್ ಕರೆಂಟ್' ಇರುವ ಜಾಗವಾಗಿರಬಹುದು.

ಇದು ಹೇಗೆ ಉಂಟಾಗುತ್ತದೆ?

ಅಲೆಗಳು ದಡಕ್ಕೆ ತಂದ ನೀರು ಹಿಂದಕ್ಕೆ ಹೋಗಲೇಬೇಕು. ನೀರಿನಡಿಯ ಮರಳದಿಬ್ಬಗಳ ನಡುವೆ ತಗ್ಗು ಇದ್ದರೆ, ತೂಬು ತೆರೆದಂತೆ ಆ ನೀರೆಲ್ಲ ಅಲ್ಲಿಂದಲೇ ಹೊರಕ್ಕೆ ನುಗ್ಗುತ್ತದೆ. ಅಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ, ನೊರೆಯೂ ಕಾಣುವುದಿಲ್ಲ. ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಅದರ ಎದುರು ಈಜಿ ಗೆಲ್ಲುವುದು ನುರಿತ ಈಜುಗಾರರಿಗೂ ಕಷ್ಟ.

ಸಮುದ್ರ ಒಳಕ್ಕೆ ಎಳೆಯುತ್ತದೆಯೇ?

ಇದೂ ತಪ್ಪು ಕಲ್ಪನೆ. ರಿಪ್ ಕರೆಂಟ್ ಆಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ನೇರವಾಗಿ ದಡದತ್ತ ಈಜಲು ಹೋಗಿ ಸುಸ್ತಾದವರೇ ಹೆಚ್ಚಾಗಿ ಮುಳುಗುತ್ತಾರೆ.

ಸಿಕ್ಕಿಕೊಂಡರೆ ಏನು ಮಾಡಬೇಕು?

• ಗಾಬರಿಯಾಗದೆ ಬೆನ್ನ ಮೇಲೆ ತೇಲಿ, ಕೈ ಎತ್ತಿ ಸಹಾಯ ಕೇಳಿ.
• ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತ ತಗ್ಗಿದ ಮೇಲೆ ಅಲೆಗಳಿರುವ ಕಡೆಯಿಂದ ದಡಕ್ಕೆ ಬನ್ನಿ.
• ದಡದಲ್ಲಿರುವವರು ಹಿಂದೆಯೇ ಹಾರಬೇಡಿ. ಮುಚ್ಚಳ ಹಾಕಿದ ಖಾಲಿ ಕ್ಯಾನ್ ಅಥವಾ ಹಗ್ಗ ಎಸೆಯಿರಿ. ಲೈಫ್‌ಗಾರ್ಡ್ ಕರೆಯಿರಿ, 112ಕ್ಕೆ ಫೋನ್ ಮಾಡಿ.

ಹೋಗುವ ಮುನ್ನ ಗಮನಿಸಿ

ಕೋಯಿಕ್ಕೋಡ್ ಹತ್ತಿರದ ಕಾಪ್ಪಾಡ್, ನಮ್ಮ ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಸ್ವಚ್ಛತೆ, ಸೌಲಭ್ಯ, ಸುರಕ್ಷತಾ ವ್ಯವಸ್ಥೆ ನೋಡಿ ಕೊಡುವ ಮಾನ್ಯತೆ ಅದು. ಅಲ್ಲಿ ಸೆಳೆತವೇ ಇರುವುದಿಲ್ಲ ಎಂದು ಅದರ ಅರ್ಥವಲ್ಲ. ಎಲ್ಲೇ ಹೋದರೂ ಕೆಂಪು ಬಾವುಟವಿದ್ದರೆ ನೀರಿಗೆ ಇಳಿಯಲೇಬೇಡಿ. ಮಳೆಗಾಲದಲ್ಲಿ ಮರಳಿನಲ್ಲೇ ಆಡಿ. ಮಕ್ಕಳು ಕೈಗೆ ಸಿಗುವಷ್ಟು ಹತ್ತಿರವಿರಲಿ. ಮುಳುಗುವವರು ಅನೇಕ ಬಾರಿ ಕೂಗಲೂ ಆಗದೆ ಸದ್ದಿಲ್ಲದೆ ಮುಳುಗುತ್ತಾರೆ.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಅದೂ ನಮ್ಮಂತೆಯೇ ಕಡಲಿಲ್ಲದ ಜಿಲ್ಲೆ. ಶಾಲಾ ಪ್ರವಾಸಕ್ಕೆ ಹೊರಟವರ ಗ್ರೂಪ್‌ಗೆ ಇದನ್ನು ಕಳುಹಿಸಿ: ಶಾಂತವಾಗಿ ಕಾಣುವ ನೀರನ್ನು ನಂಬಬೇಡಿ, ಲೈಫ್‌ಗಾರ್ಡ್ ತೋರಿಸಿದ ಜಾಗದಲ್ಲೇ ಇಳಿಯಿರಿ.