ಬೇಸ್‌ಮೆಂಟಿನ ಸ್ಕೂಟರು, ರಂಜಕದ ಚೌಕಟ್ಟು

ಕಳೆದ ತಿಂಗಳು ಪುಣೆಯ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಎರಡು ಗಂಟೆ ಜಗಳವಾದದ್ದು ನೀರಿನ ಟ್ಯಾಂಕರಿಗಲ್ಲ, ಬ್ಯಾಟರಿ ಸ್ಕೂಟರಿಗೆ. ಬೇಸ್‌ಮೆಂಟಿನಲ್ಲಿ ಚಾರ್ಜ್ ಮಾಡಲು ಬಿಡಬೇಕೇ, ಬೇಡವೇ? 2022ರಲ್ಲಿ ದೇಶದ ಅಲ್ಲಲ್ಲಿ ಸ್ಕೂಟರುಗಳು ಹೊತ್ತಿ ಉರಿದ ವಿಡಿಯೋಗಳನ್ನು ಯಾರೂ ಮರೆತಿರಲಿಲ್ಲ. ಮೊದಲ ಮಹಡಿಯ ಕಾಕೂ ಮಲಗುವ ಕೋಣೆ ಪಾರ್ಕಿಂಗಿನ ನೆತ್ತಿಯ ಮೇಲೇ ಇದೆ. "ಲಿಥಿಯಂ ಅಂದರೆ ಬೆಂಕಿ, ನನಗೆ ಬೇರೇನೂ ಹೇಳಬೇಡಿ" ಎಂದು ಅವರು ಮರಾಠಿಯಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಕೆಮಿಸ್ಟ್ರಿ ಓದಿದ ತಪ್ಪಿಗೆ ಎಲ್ಲರೂ ನನ್ನ ಕಡೆ ತಿರುಗಿದರು. "ಯಾವ ಲಿಥಿಯಂ?" ಎಂದೆ. ಅರ್ಧ ಜನ ನಕ್ಕರು.

ಆದರೆ ಪ್ರಶ್ನೆ ಅದೇ. ಬ್ಯಾಟರಿಯಲ್ಲಿ ಲಿಥಿಯಂ ಬರೀ ಓಡಾಡುವ ಅತಿಥಿ. ಚಾರ್ಜ್ ಮಾಡುವಾಗ ಧನ ಧ್ರುವದ ಹರಳಿನಿಂದ ಹೊರಟುಹೋಗುತ್ತದೆ, ಗಾಡಿ ಓಡುವಾಗ ಮರಳಿ ಬರುತ್ತದೆ. ಅತಿಥಿ ಎದ್ದುಹೋದ ಮೇಲೆ ಮನೆ ನಿಲ್ಲುತ್ತದೋ ಕುಸಿಯುತ್ತದೋ ಎಂಬುದು ಆ ಹರಳಿನ ಕಟ್ಟಡಕ್ಕೆ ಸೇರಿದ ಮಾತು.

ಹಳೆಯ ಮೊಬೈಲುಗಳಲ್ಲಿದ್ದದ್ದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಜಾನ್ ಗುಡೆನಫ್ ಆಕ್ಸ್‌ಫರ್ಡ್‌ನಲ್ಲಿದ್ದಾಗ 1980ರಲ್ಲಿ ತೋರಿಸಿಕೊಟ್ಟದ್ದು. ಪದರದ ಮೇಲೆ ಪದರ, ನಡುವೆ ಲಿಥಿಯಂ. ಹೆಚ್ಚು ಲಿಥಿಯಂ ಹೊರಗೆಳೆದು ಕಾಯಿಸಿದರೆ ಪದರಗಳು ಸಡಿಲಗೊಂಡು ಆಮ್ಲಜನಕ ಬಿಡುಗಡೆಯಾಗುತ್ತದೆ. ಪಕ್ಕದಲ್ಲೇ ಉರಿಯಬಲ್ಲ ದ್ರಾವಣವಿದೆ. ಬೆಂಕಿ ಹೊರಗಿನ ಗಾಳಿಗಾಗಿ ಕಾಯಬೇಕಿಲ್ಲ, ಒಳಗೇ ಊಟ ಸಿಕ್ಕಿತು. ಕಾಕೂ ಹೆದರಿಕೆ ಸುಳ್ಳೇನಲ್ಲ.

ಇನ್ನೊಂದು ಮನೆಯೂ ಇದೆ. 1997ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಿಂದ ಪಾಢಿ, ನಂಜುಂಡಸ್ವಾಮಿ ಮತ್ತು ಅದೇ ಗುಡೆನಫ್ ಒಂದು ಪ್ರಬಂಧ ಪ್ರಕಟಿಸಿದರು. (ನಂಜುಂಡಸ್ವಾಮಿ ಎಂಬ ಹೆಸರು ಕಂಡರೆ ನಮ್ಮವರ ಕಣ್ಣು ಒಂದು ಕ್ಷಣ ನಿಲ್ಲದಿರುತ್ತದೆಯೇ!) ಅವರು ಎತ್ತಿಕೊಂಡ ವಸ್ತು ಲಿಥಿಯಂ ಐರನ್ ಫಾಸ್ಫೇಟ್. ಇದು ನೆಲದಲ್ಲೂ ಸಿಗುವ ಖನಿಜ. ಹೆಸರು ಟ್ರಿಫಿಲೈಟ್, ಅಂದರೆ ಗ್ರೀಕಿನಲ್ಲಿ ಮೂರು ಕುಲದ್ದು. ಲಿಥಿಯಂ, ಕಬ್ಬಿಣ, ಜೊತೆಗೆ ಸ್ವಲ್ಪ ಮ್ಯಾಂಗನೀಸ್ ಇರುವುದರಿಂದ ಆ ಹೆಸರು.

ಇದರ ಹರಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೊಂದು ಕಬ್ಬಿಣದ ಸುತ್ತ ಆರು ಆಮ್ಲಜನಕ. ಒಂದೊಂದು ರಂಜಕದ, ಅಂದರೆ ಫಾಸ್ಫರಸ್ಸಿನ, ಸುತ್ತ ನಾಲ್ಕು. ಆಮ್ಲಜನಕಗಳನ್ನು ಇಬ್ಬರೂ ಹಂಚಿಕೊಂಡಿರುವುದರಿಂದ ಇಡೀ ಹರಳು ಮೂರು ದಿಕ್ಕಿಗೂ ಹೆಣೆದ ಒಂದೇ ಚೌಕಟ್ಟು. ರಂಜಕ ತನ್ನ ನಾಲ್ಕು ಆಮ್ಲಜನಕಗಳನ್ನು ಹಿಡಿದ ಹಿಡಿತ ಬಲು ಗಟ್ಟಿ, ಸುಮಾರು 1.5 ಆಂಗ್‌ಸ್ಟ್ರಾಮ್ ದೂರದಲ್ಲಿ. ಲಿಥಿಯಂ ಪೂರ್ತಿ ಹೊರಟುಹೋದರೂ ಚೌಕಟ್ಟು ಅದೇ ಆಕಾರದಲ್ಲಿ ಉಳಿಯುತ್ತದೆ. ಗಾತ್ರ ಮಾತ್ರ ಶೇ 7ರಷ್ಟು ಕುಗ್ಗುತ್ತದೆ. ಬಿಸಿಯಾದರೂ ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ರಂಜಕದ ಜಾಗದಲ್ಲಿ ಆರ್ಸೆನಿಕ್ ಇಟ್ಟು ಇಂಥದೇ ಚೌಕಟ್ಟುಗಳನ್ನು ಕಟ್ಟಬಹುದು. ಆರ್ಸೆನೇಟಿಗೂ ಅದೇ ನಾಲ್ಕು ಮೂಲೆ, ಕೈ ಮಾತ್ರ ತುಸು ಉದ್ದ, ಸುಮಾರು 1.7 ಆಂಗ್‌ಸ್ಟ್ರಾಮ್. ಹರಳುಶಾಸ್ತ್ರದವರಿಗೆ ಈ ಅವಳಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೆಂದರೆ ಹಬ್ಬ. ಆದರೆ ಪಾಷಾಣವನ್ನು ಸ್ಕೂಟರಿನ ಸೀಟಿನಡಿ ಯಾರು ಇಡುತ್ತಾರೆ?

ಹಾಗಾದರೆ ಮೊದಲೇ ಎಲ್ಲರೂ ಇದನ್ನೇ ಯಾಕೆ ಬಳಸಲಿಲ್ಲ? ಗಟ್ಟಿ ಮನೆಯ ಬಾಗಿಲು ಕಿರಿದು. ಲಿಥಿಯಂ ಇಲ್ಲಿ ಒಂದೇ ದಿಕ್ಕಿನ ಓಣಿಗಳಲ್ಲಿ ಸಾಲಾಗಿ ಸಾಗಬೇಕು. ನಾರಾಯಣ ಪೇಠೆಯ ಗಲ್ಲಿಯಲ್ಲಿ ಟೆಂಪೋ ಅಡ್ಡ ನಿಂತರೆ ಏನಾಗುತ್ತದೋ, ದಾರಿ ತಪ್ಪಿದ ಒಂದು ಕಬ್ಬಿಣದ ಪರಮಾಣು ಓಣಿಯಲ್ಲಿ ಕೂತರೆ ಅದೇ ಆಗುತ್ತದೆ. ಮೇಲಾಗಿ ಈ ವಸ್ತು ವಿದ್ಯುತ್ತನ್ನು ಹರಿಯಗೊಡುವುದು ತೀರಾ ಕಡಿಮೆ. 1997ರ ಪ್ರಯೋಗದಲ್ಲಿ ಲಿಥಿಯಂನ ಸುಮಾರು ಶೇ 60 ಮಾತ್ರ ಹೊರಬಂತು, ಅದೂ ನಿಧಾನಕ್ಕೆ. ಕಡಿಮೆ ಶಕ್ತಿಯ ಬ್ಯಾಟರಿಗೆ ಒಳ್ಳೆಯದು, ಅಗ್ಗ, ವಿಷವಿಲ್ಲ ಎಂದಷ್ಟೇ ಲೇಖಕರು ಹೇಳಿಕೊಂಡರು. ಮುಂದಿನ ವರ್ಷಗಳಲ್ಲಿ ಕಣಗಳನ್ನು ಅತಿ ಸಣ್ಣದಾಗಿಸಿ, ಓಣಿ ಗಿಡ್ಡವಾಗಿಸಿ, ಮೇಲೆ ತೆಳುವಾಗಿ ಇಂಗಾಲ ಬಳಿದರು. ಇವತ್ತು ಅದೇ ಪುಡಿ ಬಸ್ಸು ಎಳೆಯುತ್ತದೆ. ಗುಡೆನಫ್‌ಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು.

ಒಂದು ಮಾತು ಮುಚ್ಚಿಡಬಾರದೆಂದು ಮೀಟಿಂಗಿನಲ್ಲೂ ಹೇಳಿದೆ. ಈ ಬ್ಯಾಟರಿಯಲ್ಲೂ ಉರಿಯುವ ದ್ರಾವಣವೇ ಇರುವುದು. ಸೆಲ್ ಜಜ್ಜಿದರೆ, ಕಳಪೆ ಚಾರ್ಜರ್ ಹಾಕಿದರೆ ಹೊಗೆಯೂ ಬರುತ್ತದೆ, ಬೆಂಕಿಯೂ ಹತ್ತಬಹುದು. ಅಪಾಯ ಕಡಿಮೆ, ಸೊನ್ನೆಯಲ್ಲ. ವೋಲ್ಟೇಜೂ ಕಡಿಮೆ, ಸುಮಾರು 3.4. ಕೋಬಾಲ್ಟಿನದು 3.9ರ ಹತ್ತಿರ. ಹಾಗಾಗಿ ಅಷ್ಟೇ ದೂರ ಓಡಲು ಬ್ಯಾಟರಿ ತೂಕ ಹೆಚ್ಚಾಗುತ್ತದೆ. ಮಹಡಿ ಮನೆಗಳ ಊರಿನಲ್ಲಿ ಆ ತೂಕ ಹೊರುವುದೇ ಮೇಲು ಎಂಬುದು ನನ್ನ ಲೆಕ್ಕ.

ಕೊನೆಗೆ ಠರಾವು ಆಯಿತು. ಚಾರ್ಜಿಂಗ್ ಬೇಸ್‌ಮೆಂಟಿನಲ್ಲಿ ಬೇಡ, ಗೇಟಿನ ಪಕ್ಕದ ಬಯಲಿನಲ್ಲಿ. ಪಾರ್ಕಿಂಗ್ ಫಾರ್ಮಿನಲ್ಲಿ "ಬ್ಯಾಟರಿ ಯಾವ ಜಾತಿಯದು" ಎಂಬ ಒಂದು ಕಾಲಂ ಹೊಸದಾಗಿ ಸೇರಿತು. ಮೊನ್ನೆ ಸಂಜೆ ಕೆಳಗಿಳಿದರೆ, ಮೂರನೇ ಮಹಡಿಯ ಹುಡುಗನ ಹೊಸ ಸ್ಕೂಟರಿನ ಮುಂದೆ ಕಾಕೂ ಕನ್ನಡಕ ಏರಿಸಿ ಬಗ್ಗಿ ನಿಂತಿದ್ದರು. "ಎಲ್‌ಎಫ್‌ಪಿ ಅಂತ ಬರೆದಿದೆ," ಎಂದರು ನನ್ನ ಕಡೆ ನೋಡಿ, "ಇದೇ ಅಲ್ಲವಾ ನಿಮ್ಮ ಗಟ್ಟಿ ಮನೆ?"